ಉಸಿರಿಗೆ ಅರ್ಧ ಇಂಚು

ಮಾಸ್ಟರ ಟೇಪು ತಪ್ಪಿದ್ದನ್ನು ಕಂಡವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಮೂವತ್ತೊಂದು ವರ್ಷ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿದ ಹೆಂಡತಿಯೂ ಕಂಡಿರಲಿಲ್ಲ. ಅಂಗಿ ಬಿಗಿಯಾದರೆ ಅದರ ತಪ್ಪನ್ನು ಗಿರಾಕಿಯ ಹೊಟ್ಟೆಯ ಮೇಲೆ ಹೊರಿಸುವ ಜಾಣತನ ಮಾಸ್ಟರಿಗಿತ್ತು ಎಂಬುದು ಬೇರೆ ಮಾತು. "ಅಳತೆ ಕೊಡುವಾಗ ಉಸಿರು ಬಿಗಿ ಹಿಡಿದಿದ್ರಿ, ಈಗ ಬಿಟ್ಟಿದೀರಿ" ಎಂದುಬಿಟ್ಟರೆ ಎಂಥ ಜಗಳಗಂಟನೂ ಹೊಟ್ಟೆ ಸವರಿಕೊಂಡು ತೆಪ್ಪಗಾಗುತ್ತಿದ್ದ.

ಅಂಗಡಿ ಎಂದರೆ ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಕೋಣೆ. ಬಾಗಿಲ ಬಳಿ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒರಗಿದ ಎರಡು ಮೆಷಿನ್ನು, ಮೂಲೆಯಲ್ಲಿ ಉದ್ದನೆಯ ಕನ್ನಡಿ, ಅದರ ಪಕ್ಕದಲ್ಲಿ ಹೆಂಡತಿಯ ಸ್ಟೂಲು. ಗಂಡ ಕತ್ತರಿಸಿ ಹೊಲಿದರೆ ಕಾಜಾ, ಗುಂಡಿ, ಕೈಹೊಲಿಗೆ ಹೆಂಡತಿಯದು. ಹಾಗಾಗಿ ಬೀದಿಯವರಿಗೆಲ್ಲ ಅವರು ಮಾಸ್ಟರು, ಇವಳು ಗುಂಡಿಯಮ್ಮ. ಮೈಕಟ್ಟೂ ಆ ಹೆಸರಿಗೆ ತಕ್ಕಂತೆ ದುಂಡಗೇ ಇದ್ದುದರಿಂದ ಅವಳು ಬೇಜಾರು ಮಾಡಿಕೊಂಡು ಪ್ರಯೋಜನವಿರಲಿಲ್ಲ.

ಅಳತೆ ತೆಗೆಯುವುದು ಮಾತ್ರ ಇಬ್ಬರೂ ಸೇರಿ ಮಾಡುವ ಕೆಲಸ. ಮಾಸ್ಟರು ಟೇಪು ಹಿಡಿದು ಕೂಗುವರು, ಗುಂಡಿಯಮ್ಮ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಳತೆ ಪುಸ್ತಕದಲ್ಲಿ ಬರೆಯುವಳು. "ಎದೆ, ನಲವತ್ತೆರಡು. ತೋಳು, ಇಪ್ಪತ್ನಾಲ್ಕು. ಕತ್ತು, ಹದಿನಾರು." ಆ ಕೂಗಿಗೆ ಒಂದು ರಾಗವಿತ್ತು, ಮಾತಾಡುವ ದನಿ ಬೇರೆ, ಅಳತೆಯ ದನಿ ಬೇರೆ. ಇನ್ನೊಂದು ಗುಟ್ಟೂ ಇತ್ತು. ಅವರು ಕೂಗುತ್ತಿದ್ದುದು ಮೈಯ ಅಳತೆಯನ್ನಲ್ಲ, ಬಟ್ಟೆಯ ಅಳತೆಯನ್ನು. ಬರೇ ಮೈಗೆ ಸರಿಯಾಗಿ ಹೊಲಿದರೆ ಮನುಷ್ಯ ಉಸಿರಾಡುವುದು ಹೇಗೆ? ಎದೆಗೆ ಇಷ್ಟು, ಸೊಂಟಕ್ಕೆ ಇಷ್ಟು, ಕತ್ತಿಗೆ ಅರ್ಧ ಇಂಚು ಎಂದು ಸಡಿಲ ಬಿಡಬೇಕು. ಬೇರೆ ಟೈಲರುಗಳು ಅದನ್ನು ಕತ್ತರಿಸುವಾಗ ಸೇರಿಸಿಕೊಳ್ಳುತ್ತಾರೆ. ಮಾಸ್ಟರು ಕೆಲಸ ಕಲಿತದ್ದು ಬಾಯಿ ತೆರೆಯುವ ಮೊದಲೇ ಸೇರಿಸಿ ಕೂಗುತ್ತಿದ್ದ ಹಳೆಯ ಕಾಲದವರ ಹತ್ತಿರ. ಟೇಪಿನ ಮೇಲೆ ಹದಿನೈದೂವರೆ ಕಂಡರೆ ಅವರ ಬಾಯಲ್ಲಿ ಹದಿನಾರು ಎಂದೇ ಬರುತ್ತಿತ್ತು. ಅದನ್ನು ಅವರು ಉಸಿರು ಎಂದು ಕರೆಯುತ್ತಿದ್ದರು. ಆ ಅರ್ಧ ಇಂಚಿನ ವಿಷಯ ಅವರಿಗೇ ಮರೆತುಹೋಗಿ ಎಷ್ಟೋ ವರ್ಷವಾಗಿತ್ತು.

ಎರಡು ವರ್ಷದ ಹಿಂದೆ ಅವರ ಎಡಗಿವಿಯ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ಆಮೇಲೆ ಅದರ ಕೆಳಗೆ ಇನ್ನೊಂದು. ಕತ್ತಿನ ಗ್ರಂಥಿಗಳ ಕ್ಯಾನ್ಸರ್ ಎಂದರು. ಎರಡು ಸುತ್ತು ಕೀಮೋ ಆಯಿತು. ಕೂದಲು ಹೋಯಿತು, ಬಂತು, ಮತ್ತೆ ಹೋಯಿತು. ಗಂಟು ಕರಗಿತು, ಆರು ತಿಂಗಳು ಸುಮ್ಮನಿದ್ದು ಮತ್ತೆ ಎದ್ದಿತು.

ಮಾಸ್ಟರು ಜೀವಮಾನದಲ್ಲಿ ಕಾಲರಿನ ಮೇಲಿನ ಗುಂಡಿ ಹಾಕದೆ ಹೊಸಿಲು ದಾಟಿದವರಲ್ಲ. ಟೈಲರ್ ಕತ್ತು ಬಿಟ್ಟುಕೊಂಡು ನಿಂತರೆ ಗಿರಾಕಿ ಯಾಕೆ ಬರುತ್ತಾನೆ ಎಂಬುದು ಅವರ ವಾದ. ಗಂಟು ಮತ್ತೆ ಎದ್ದಾಗ ಒಂದು ಬೆಳಿಗ್ಗೆ ಆ ಗುಂಡಿ ಹಾಕಲು ಅವರು ಎರಡು ಕೈಯಲ್ಲಿ ಒದ್ದಾಡಿದ್ದನ್ನು ಗುಂಡಿಯಮ್ಮ ಕನ್ನಡಿಯಲ್ಲಿ ನೋಡಿದಳು. ಅಂದು ಮಧ್ಯಾಹ್ನ ಅವರು ನಿದ್ದೆ ಹೋದ ಮೇಲೆ ಅವರ ಐದೂ ಅಂಗಿ ತೆಗೆದು, ಕಾಲರಿನ ಗುಂಡಿ ಬಿಚ್ಚಿ, ಕಾಲು ಇಂಚು ಅಂಚಿನ ಕಡೆಗೆ ಸರಿಸಿ ಹೊಲಿದಳು. ಮರುದಿನ ಗುಂಡಿ ಸಲೀಸಾಗಿ ಬಿತ್ತು. ಮಾಸ್ಟರು ಒಂದು ಸಣ್ಣ ರಾಗ ಗುನುಗಿದರು. ನಾಲ್ಕು ತಿಂಗಳ ಮೇಲೆ ಇನ್ನೊಂದು ಕಾಲು ಇಂಚು ಸರಿಸಬೇಕಾಯಿತು. ಈಗ ಗುಂಡಿ ಪಟ್ಟಿಯ ತೀರಾ ಅಂಚಿಗೆ ಬಂದು ಕೂತಿತ್ತು. ಇನ್ನು ಸರಿಸಲು ಬಟ್ಟೆಯೇ ಉಳಿದಿರಲಿಲ್ಲ. ಈ ಕಳ್ಳತನವನ್ನು ಅವಳು ಮಗಳಿಗೂ ಹೇಳಿರಲಿಲ್ಲ.

ಆಗಲೇ ಡಾಕ್ಟರು ಹೊಸ ಔಷಧಿಯ ಮಾತೆತ್ತಿದ್ದು. ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಔಷಧಿ. ಅಂಗಡಿಯಲ್ಲಿ ಸಿಗುವುದಲ್ಲ, ಹೆಸರೂ ಇಟ್ಟಿರಲಿಲ್ಲ. ಬಾಟಲಿಯ ಮೇಲೆ ಎರಡು ಅಕ್ಷರ, ಆಮೇಲೆ ನಲವತ್ತೇಳು ಎಂಬ ಸಂಖ್ಯೆ. ಒಪ್ಪಿಗೆ ಪತ್ರ ಇಪ್ಪತ್ತೆರಡು ಪುಟ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಗಳು ಅದನ್ನು ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಅಪ್ಪನಿಗೆ ಪಾಠ ಮಾಡಿದಳು.

"ಇದು ಮೊನೊಕ್ಲೋನಲ್ ಆ್ಯಂಟಿಬಾಡಿ, ಅಪ್ಪ. ನಿಮ್ಮ ಕ್ಯಾನ್ಸರ್ ಕಣದ ಮೈಮೇಲೆ ಒಂದು ಗುರುತಿರುತ್ತೆ. ಇದು ಹೋಗಿ ಆ ಗುರುತಿಗೇ ಅಂಟಿಕೊಳ್ಳುತ್ತೆ. ಅಂಟಿಕೊಂಡ್ರೆ ಮೈಯೊಳಗಿನ ಕಾವಲಿನವರಿಗೆ ಕಳ್ಳ ಯಾರು ಅಂತ ಗೊತ್ತಾಗುತ್ತೆ."

"ಮೊನೊ ಅಂದ್ರೆ?"

"ಒಂದೇ. ಒಂದೇ ಕಣದಿಂದ ಬೆಳೆಸಿದ ನಕಲುಗಳು. ಕೋಟಿಗಟ್ಟಲೆ ಇದ್ರೂ ಎಲ್ಲಾ ಒಂದೇ ತರ."

ಮಾಸ್ಟರು ಕನ್ನಡಕ ಹಣೆಗೇರಿಸಿ ಯೋಚಿಸಿದರು. "ಅಂದ್ರೆ ಒಂದೇ ಪ್ಯಾಟರ್ನ್ ಇಟ್ಟು ಕೋಟಿ ಅಂಗಿ ಕತ್ತರಿಸಿದಾರೆ. ಎಲ್ಲಾ ಒಬ್ಬ ಕಳ್ಳನ ಅಳತೆಗೇ. ಬೇರೆಯವರಿಗೆ ಆ ಅಂಗಿ ಕೂರಲ್ಲ. ಅವನು ಎಲ್ಲಿದ್ರೂ ಹುಡುಕಿ ತೊಡಿಸೋದು, ತೊಡಿಸಿದ ಮೇಲೆ ಪೊಲೀಸಿನವರು ಬಂದು ಅಂಗಿ ನೋಡಿ ಹಿಡ್ಕೊಂಡು ಹೋಗೋದು."

ಮಗಳು ಪೆನ್ನು ಕೆಳಗಿಟ್ಟಳು. "ನಾಳೆ ಕ್ಲಾಸಲ್ಲಿ ಇದನ್ನೇ ಹೇಳ್ತೀನಿ ಬಿಡಿ."

"ಅಳತೆ ಸರಿಯಿದ್ರೆ ಕೆಲಸ ಆಗುತ್ತೆ" ಎಂದು ಮಾಸ್ಟರು ಇಪ್ಪತ್ತೆರಡನೇ ಪುಟದಲ್ಲಿ ಸಹಿ ಹಾಕಿದರು.

ಗುಂಡಿಯಮ್ಮ ಕೇಳಿದ ಪ್ರಶ್ನೆ ಬೇರೆ. ಹದಿನೆಂಟನೇ ಪುಟದಲ್ಲಿ ಒಂದು ಷರತ್ತಿತ್ತು. ದೊಡ್ಡ ಸ್ಕ್ಯಾನ್ ಹನ್ನೆರಡನೇ ವಾರಕ್ಕೆ. ಅದಕ್ಕೂ ಮೊದಲು ಆರನೇ ವಾರದಲ್ಲಿ ಕತ್ತಿನ ಸುತ್ತಳತೆ ಮೊದಲಿಗಿಂತ ಕಡಿಮೆಯೆಂದರೂ ಅರ್ಧ ಇಂಚು ಇಳಿದಿರಬೇಕು. ಇಳಿಯದಿದ್ದರೆ ಔಷಧಿ ನಿಲ್ಲಿಸಿ ಬೇರೆ ದಾರಿ ನೋಡುವುದು.

"ಬೇರೆ ದಾರಿ ಅಂದ್ರೆ ಯಾವುದು, ಡಾಕ್ಟ್ರೇ?" ಎಂದು ಅವಳು ಕೇಳಿದ್ದಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುತ್ತಿರಲಿಲ್ಲ. ಗುಂಡಿಯಮ್ಮನಿಗೆ ಅರ್ಥವಾಯಿತು. ಆದರೂ ಎದ್ದು ಹೊರಡುವಾಗ ನಗುತ್ತಲೇ ಹೊರಟಳು, ಯಾಕೆಂದರೆ ಪಕ್ಕದಲ್ಲಿ ಮಾಸ್ಟರು ನಗುತ್ತಿದ್ದರು.

ಮೊದಲ ದಿನ ಔಷಧಿ ಹನಿಹನಿಯಾಗಿ ಇಳಿಯಲು ಆರು ಗಂಟೆ ಬೇಕಾಯಿತು. ಶುರು ಮಾಡುವ ಮೊದಲು ಅಲರ್ಜಿ ಬಾರದಿರಲಿ ಎಂದು ಒಂದು ಇಂಜೆಕ್ಷನ್ ಕೊಟ್ಟರು. ಅದಕ್ಕೇ ಮಾಸ್ಟರಿಗೆ ಮಂಪರು ಹತ್ತಿತು. ಅವರು ಅರೆನಿದ್ದೆಯಲ್ಲಿರುವಾಗ ನರ್ಸು ಒಂದು ಕಾಗದದ ಪಟ್ಟಿ ಸುತ್ತಿ ಅವರ ಕತ್ತಿನ ಅಳತೆ ತೆಗೆದು ಹಾಳೆಯಲ್ಲಿ ಬರೆದಳು: ಹದಿನಾರು. ಬಳಸಿ ಬಿಸಾಡುವ ಆ ಕಾಗದದ ಪಟ್ಟಿಯನ್ನು ಅಂದು ಮಾಸ್ಟರು ನೋಡದೆ ಹೋದದ್ದು ನರ್ಸಿನ ಪುಣ್ಯ.

ಮಧ್ಯಾಹ್ನದ ಹೊತ್ತಿಗೆ ಅವರಿಗೆ ನಡುಕ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು, ಮಂಚವೇ ಅಲುಗುತ್ತಿತ್ತು. ಹೀಗಾಗಬಹುದೆಂದು ಮೊದಲೇ ಹೇಳಿದ್ದರೂ ಗುಂಡಿಯಮ್ಮ ನರ್ಸನ್ನು ಕರೆಯಲು ಓಡಿದಳು. ನರ್ಸು ಹನಿ ನಿಧಾನ ಮಾಡಿ ಎರಡು ಕಂಬಳಿ ಹೊದಿಸಿದಳು. ಮಾಸ್ಟರು ನಡುಗುತ್ತಲೇ ಕಂಬಳಿಯ ಅಂಚನ್ನು ಕಣ್ಣಿನ ಹತ್ತಿರ ತಂದು, "ಈ ಅಂಚು ಹೊಲಿದೋನು ಯಾರು? ಹೊಲಿಗೆ ಎಲ್ಲಾ ಸೊಟ್ಟ" ಎಂದಾಗಲೇ ಅವಳಿಗೆ ಹೋದ ಜೀವ ಬಂದದ್ದು.

ಎರಡನೆಯ ವಾರದಿಂದ ಮಾಸ್ಟರು ಎಚ್ಚರವಾಗಿದ್ದರು. ನರ್ಸು ಕಾಗದದ ಪಟ್ಟಿ ತೆಗೆದಳು. ಮಾಸ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರಲ್ಲಿ ಕೇಕ್ ಡಬ್ಬಿ ಕಟ್ಟಬಹುದು" ಎಂದು ಜೇಬಿನಿಂದ ತಮ್ಮ ಟೇಪು ತೆಗೆದರು. ಒಂದು ತುದಿಗೆ ಹಿತ್ತಾಳೆ ಪಟ್ಟಿ ಹಾಕಿದ, ಅಂಕಿಗಳು ಅರ್ಧ ಅಳಿಸಿಹೋದ, ನಲವತ್ತು ವರ್ಷದ ಟೇಪು. ನರ್ಸಿಗೂ ನಗು ಬಂತು. ನಲವತ್ತು ವರ್ಷ ಊರಿನವರ ಕತ್ತು ಅಳೆದವರಿಗಿಂತ ನಿಖರವಾಗಿ ತಾನು ಅಳೆಯುವುದುಂಟೇ? "ಸರಿ ಮಾಸ್ಟ್ರೇ, ನೀವೇ ಅಳೆದು ಹೇಳಿ, ನಾನು ಬರ್ಕೋತೀನಿ" ಎಂದಳು. ಅವರು ಇಂಚಿನಲ್ಲಿ ಕೂಗುವುದು, ಅವಳು ಬರೆದುಕೊಳ್ಳುವುದು, ಹೀಗೆ ಪದ್ಧತಿಯಾಯಿತು. ಆ ವಾರದ ಅಳತೆ ಹದಿನಾರೂವರೆ. ಮೊದಮೊದಲು ಗಂಟು ಸ್ವಲ್ಪ ಊದುವುದುಂಟು ಎಂದು ಡಾಕ್ಟರು ಹೇಳಿದ್ದರಿಂದ ಯಾರೂ ಹುಬ್ಬೇರಿಸಲಿಲ್ಲ.

ಅಳತೆಯ ಕೋಣೆಗೆ ರೋಗಿಯನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿರಲಿಲ್ಲ. ಗುಂಡಿಯಮ್ಮ ಹೊರಗೆ ಕುರ್ಚಿಯಲ್ಲಿ ಕಾಯುವಳು. ಸುಮ್ಮನೆ ಕೂರುವ ಜಾತಿಯವಳಲ್ಲ. ಎರಡನೇ ವಾರ ಪಕ್ಕದವರ ಕೋಟಿನಲ್ಲಿ ಜೋತಾಡುತ್ತಿದ್ದ ಗುಂಡಿ ಕಂಡು ತಡೆಯಲಾರದೆ ಸೂಜಿ ತೆಗೆದಳು. ಮೂರನೇ ವಾರದ ಹೊತ್ತಿಗೆ ಜನ ಗುಂಡಿ ಕಿತ್ತುಹೋದ ಅಂಗಿಗಳನ್ನು ಚೀಲದಲ್ಲಿ ತರತೊಡಗಿದ್ದರು. ನಾಲ್ಕನೇ ವಾರ ಎಕ್ಸ್‌ರೇ ವಿಭಾಗದವನು ತನ್ನ ಬಿಳಿ ಕೋಟನ್ನೇ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ಓಡಾಡಿ ಮೇಲಿನವರಿಂದ ಬೈಸಿಕೊಂಡ.

ಐದನೇ ವಾರದ ಔಷಧಿ ಮುಗಿಸಿ ಬರುವಾಗ ಮಾಸ್ಟರು ಬಸ್ಸಿನಲ್ಲಿ ಅವಳ ಕಿವಿಯಲ್ಲಿ, "ಇಳೀತಿದೆ ಕಣೇ. ಕಾಲು ಇಂಚು ಕಡಿಮೆ ಆಗಿದೆ" ಎಂದರು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿ ಸೋಮವಾರದವರೆಗೆ ಇತ್ತು.

ಸೋಮವಾರ ಬೆಳಿಗ್ಗೆ ಫೋನ್ ಬಂದಾಗ ಮಾಸ್ಟರ ಬಾಯಿ ತುಂಬ ಗುಂಡುಸೂಜಿ. ಗುಂಡಿಯಮ್ಮನೇ ಎತ್ತಿಕೊಂಡಳು. ಔಷಧಿ ಪರೀಕ್ಷೆಯ ಕಚೇರಿಯಿಂದ ಒಬ್ಬ ಹೆಂಗಸು ಮಾತಾಡುತ್ತಿದ್ದಳು. "ಈ ಗುರುವಾರ ಆರನೇ ವಾರ ಅಲ್ವಾ ಅಮ್ಮ, ಮನೆಯವರೂ ಒಳಗೆ ಬನ್ನಿ ಅಂತ ಡಾಕ್ಟರು ಹೇಳಿದಾರೆ. ಶುರುವಿನಲ್ಲಿ ಹದಿನಾರು ಇತ್ತು, ಹೋದ ವಾರ ಹದಿನಾರೂಕಾಲು ಇದೆ. ಇಳೀದೇ ಇದ್ರೆ ಮುಂದಿನ ವಿಚಾರ ಮಾತಾಡ್ಬೇಕಾಗುತ್ತೆ."

ಗುಂಡಿಯಮ್ಮ "ಆಯ್ತು, ಬರ್ತೀವಿ" ಎಂದು ಫೋನಿಟ್ಟಳು.

"ಏನಂತೆ?" ಎಂದು ಮಾಸ್ಟರು ಗುಂಡುಸೂಜಿಗಳ ಸಂದಿಯಿಂದ ಕೇಳಿದರು.

"ಗುರುವಾರ ನಾನೂ ಒಳಗೆ ಬರಬೇಕಂತೆ."

"ಬಾ. ನಾನು ಹೇಗೆ ಅಳೀತೀನಿ ನೋಡು, ನರ್ಸು ಬಾಯಿ ಬಿಟ್ಕೊಂಡು ನೋಡ್ತಾಳೆ."

ಮಾಸ್ಟರು ನಗುತ್ತಾ ಬಟ್ಟೆಗೆ ಸೂಜಿ ಚುಚ್ಚತೊಡಗಿದರು. ಇವಳಿಗೆ ಅಳು ನುಂಗಿಕೊಳ್ಳುವುದೇ ಕಷ್ಟವಾಯಿತು. ಹದಿನಾರು ಇದ್ದದ್ದು ಹದಿನಾರೂಕಾಲು ಆಗಿದ್ದರೆ ಅದು ಇಳಿದದ್ದು ಹೇಗೆ? ತನ್ನ ಸಮಾಧಾನಕ್ಕೆಂದು ಬಸ್ಸಿನಲ್ಲಿ ಸುಳ್ಳು ಹೇಳಿದ್ದಾರೆ. ತಾನು ಗುಂಡಿ ಸರಿಸಿ ಬಚ್ಚಿಟ್ಟ ಹಾಗೆ ಅವರೂ ಬಚ್ಚಿಡುತ್ತಿದ್ದಾರೆ. ಹಾಗೆಂದುಕೊಂಡಳು, ಕೇಳಲು ಬಾಯಿ ಬರಲಿಲ್ಲ.

ಆದರೆ ಅವಳ ಕಣ್ಣು ಬೇರೆಯೇ ಹೇಳುತ್ತಿತ್ತು. ಮಂಗಳವಾರ ಬೆಳಿಗ್ಗೆ ಮಾಸ್ಟರು ಕನ್ನಡಿಯ ಮುಂದೆ ನಿಂತು ಕಾಲರಿನ ಗುಂಡಿ ಹಾಕಿದರು. ಒಂದೇ ಕೈ, ಒಂದೇ ಸಲ. ಬುಧವಾರ ಬಟ್ಟೆ ಕತ್ತರಿಸಲು ಬಗ್ಗಿದಾಗ ಕಾಲರಿಗೂ ಕತ್ತಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಕಂಡಿತು. ಆರು ವಾರದ ಹಿಂದೆ ಅಲ್ಲಿ ಒಂದು ಬೆರಳಿಗೂ ಜಾಗವಿರಲಿಲ್ಲ. ಬಡವಾಗಿದ್ದಾರೆ, ಅದಕ್ಕೇ ಸಡಿಲ ಎಂದು ತನಗೇ ಹೇಳಿಕೊಂಡಳು. ಆದರೆ ಸೊಂಟದ ಬೆಲ್ಟು ಹಳೆಯ ತೂತಿನಲ್ಲೇ ಇತ್ತು. ಕತ್ತು ಮಾತ್ರ ಬಡವಾಗುವುದುಂಟೇ?

ಕೇಳಬಹುದಿತ್ತು. "ರೀ, ಕಾಲರು ಸಡಿಲ ಆಗಿದೆಯಲ್ಲ, ನಿಮ್ಮ ಅಳತೆ ಸರಿಯಿದೆಯಾ?" ಎನ್ನಬಹುದಿತ್ತು. ಅಷ್ಟು ಕೇಳಿದರೆ ಆ ಕಾಲರು ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಗುಂಡಿ ಅಲ್ಲಿಗೆ ಹೇಗೆ ಹೋಯಿತು ಎಂಬುದೆಲ್ಲ ಹೊರಬರುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಮಾಸ್ಟರ ಟೇಪು ತಪ್ಪು, ನನ್ನ ಕಣ್ಣು ಸರಿ ಎನ್ನುವ ಮಾತು ಅವಳ ಬಾಯಲ್ಲಿ ಎಂದೂ ಬಂದಿರಲಿಲ್ಲ. ಮೂವತ್ತೊಂದು ವರ್ಷ ಅವರು ಕೂಗಿದ್ದನ್ನು ಅವಳು ಬರೆದಿದ್ದಳು, ಅಷ್ಟೇ. ಆ ದಿನ ಒಂದು ನೀಲಿ ಅಂಗಿಗೆ ಐದು ಬಿಳಿ ಗುಂಡಿ, ಒಂದು ಕಂದು ಗುಂಡಿ ಹಾಕಿಟ್ಟಳು. ಗಿರಾಕಿ ಅದನ್ನು ಹೊಸ ಫ್ಯಾಷನ್ ಎಂದುಕೊಂಡು ತೊಟ್ಟು ಹೋದ.

ಗುರುವಾರ ಬಂತು. ಅಳತೆಯ ಕೋಣೆ ಚಿಕ್ಕದು: ಒಂದು ಮಂಚ, ತೂಕದ ಯಂತ್ರ, ಮೇಜಿನ ಮೇಲೆ ಫೈಲು, ಗೋಡೆಯಲ್ಲಿ ಒಂದು ಕನ್ನಡಿ, ಅದರ ಪಕ್ಕ ಕೈತೊಳೆಯುವ ವಿಧಾನದ ಚಿತ್ರ. ಡಾಕ್ಟರು ಬಂದು ಕೂತರು. ತೆಳ್ಳನೆ ಮನುಷ್ಯ, ಅವರ ಕಾಲರು ಕತ್ತಿನ ಸುತ್ತ ಯಾರದೋ ಮನೆಗೆ ಬಂದ ನೆಂಟನ ಹಾಗೆ ದೂರವೇ ನಿಂತಿರುತ್ತಿತ್ತು. ಪ್ರತಿ ವಾರ ಅದನ್ನು ನೋಡಿ ಮಾಸ್ಟರು ಮುಖ ಸಿಂಡರಿಸುತ್ತಿದ್ದರು.

"ಅಳತೆ ಆಗಲಿ ಮಾಸ್ಟ್ರೇ" ಎಂದರು ಡಾಕ್ಟರು. ದನಿಯಲ್ಲಿ ಉತ್ಸಾಹವಿರಲಿಲ್ಲ.

ಮಾಸ್ಟರು ಕಾಲರಿನ ಗುಂಡಿ ಬಿಚ್ಚಿದರು, ಟೇಪು ಸುತ್ತಿದರು, ಎದುರಿನ ಕನ್ನಡಿಯಲ್ಲಿ ನೋಡಿದರು. ಆಮೇಲೆ ಗದ್ದ ಎತ್ತಿ ಕೂಗಿದರು:

"ಕತ್ತು, ಹದಿನಾರು."

ಗುಂಡಿಯಮ್ಮನ ಕೈ ತನ್ನಷ್ಟಕ್ಕೆ ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಯಿತು. ಅಲ್ಲಿ ಪೆನ್ಸಿಲ್ ಇರಲಿಲ್ಲ, ಇದು ಅಂಗಡಿಯಲ್ಲ, ಆಸ್ಪತ್ರೆ. ಆದರೂ ಕೈ ಹೋಗಿತ್ತು. ಯಾಕೆ ಹೋಯಿತು ಎಂದು ಅವಳು ಆ ಕೈಯನ್ನೇ ನೋಡುತ್ತಾ ಕೂತಳು.

ನರ್ಸು ಬರೆದುಕೊಂಡಳು. ಡಾಕ್ಟರು ಹಾಳೆ ನೋಡಿ ನಿಟ್ಟುಸಿರು ಬಿಟ್ಟರು. "ಶುರುವಿನಲ್ಲಿ ಹದಿನಾರು. ನಡುವೆ ಏರಿತ್ತು, ಈಗ ಇಳಿದು ಮತ್ತೆ ಹದಿನಾರಕ್ಕೇ ಬಂದಿದೆ. ನಾವು ಅರ್ಧ ಇಂಚು ಕೇಳಿದ್ವಿ. ನನಗೂ ಬೇಜಾರಿದೆ ಮಾಸ್ಟ್ರೇ, ಆದರೆ ನಿಯಮ ನಿಯಮವೇ."

"ಶುರುವಿನಲ್ಲಿ ಹದಿನಾರು ಇರಲೇ ಇಲ್ಲ" ಎಂದರು ಮಾಸ್ಟರು. "ಹದಿನಾರೂವರೆ ಇತ್ತು. ಅದೇ ಇಳಿದು ಹದಿನಾರು ಆಗಿದೆ. ಆ ಮೊದಲನೇ ಅಳತೆ ಯಾರು ತೆಗೆದದ್ದು?"

"ನಾನೇ" ಎಂದಳು ನರ್ಸು.

"ಆ ಕಾಗದದಲ್ಲಾ?"

"ಕಾಗದ ಆದ್ರೇನು, ಇಂಚು ಇಂಚೇ" ಎಂದಳು ನರ್ಸು, ಮುಖ ಸಣ್ಣದು ಮಾಡಿಕೊಂಡು.

"ನಾನು ನಲವತ್ತು ವರ್ಷದಲ್ಲಿ..."

"ರೀ, ಸ್ವಲ್ಪ ಸುಮ್ಮನಿರಿ" ಎಂದಳು ಗುಂಡಿಯಮ್ಮ.

ಮಾಸ್ಟರು ಆ ಮಾತು ಎಲ್ಲಿಂದ ಬಂತೆಂದು ಹಿಂದೆ ತಿರುಗಿ ನೋಡಿದರು. ಗುಂಡಿಯಮ್ಮನ ಮುಖ ಕೆಂಪಾಗಿತ್ತು. ಆದರೆ ಈಗ ಬಾಯಿ ಮುಚ್ಚಿಕೊಂಡರೆ ಗಂಡನ ಔಷಧಿ ನಿಲ್ಲುತ್ತದೆ. ಅದಕ್ಕಿಂತ ಗಂಡನ ಕೈಲಿ ಬೈಸಿಕೊಳ್ಳುವುದೇ ವಾಸಿ.

"ಡಾಕ್ಟ್ರೇ, ಇವರು ಹೇಳ್ತಿರೋದು ಕತ್ತಿನ ಅಳತೆ ಅಲ್ಲ. ಕಾಲರಿನ ಅಳತೆ."

"ಏನೇ ನೀನು? ಟೇಪು ಕತ್ತಿಗೆ ಸುತ್ತಿಲ್ವಾ?"

"ಸುತ್ತಿದ್ದು ಕತ್ತಿಗೆ, ಕೂಗಿದ್ದು ಕಾಲರಿಗೆ. ಅಂಗಡಿ ದನಿಯಲ್ಲಿ ಕೂಗಿದ್ರಿ. ಆ ದನಿಯಲ್ಲಿ ನೀವು ಇವತ್ತಿನ ತನಕ ಉಸಿರು ಬಿಡದೆ ಒಂದು ಅಳತೆ ಕೂಗಿದ್ದಿಲ್ಲ."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಗುಂಡಿಯಮ್ಮ ಅರ್ಧ ಇಂಚಿನ ಕತೆ ಬಿಡಿಸಿ ಹೇಳಿದಳು. ಮಾಸ್ಟರು ಒಪ್ಪಲಿಲ್ಲ. ರೋಗಿಯ ಅಳತೆಗೂ ಗಿರಾಕಿಯ ಅಳತೆಗೂ ವ್ಯತ್ಯಾಸ ತಿಳಿಯದಷ್ಟು ಮಂಕಾಗಿದ್ದೀನಾ ಎಂದು ರೇಗಿದರು. ಗುಂಡಿಯಮ್ಮ ಅವರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಡಾಕ್ಟರ ಕಡೆ ತಿರುಗಿದಳು.

"ಬೇಜಾರಿಲ್ಲದಿದ್ರೆ ನಿಮ್ಮ ಕತ್ತು ಸ್ವಲ್ಪ ಕೊಡಿ ಡಾಕ್ಟ್ರೇ."

ಡಾಕ್ಟರು ಎಷ್ಟೋ ರೋಗಿಗಳ ಕತ್ತು ಮುಟ್ಟಿದ್ದರು, ತಮ್ಮದನ್ನು ಯಾರಿಗೂ ಕೊಟ್ಟಿರಲಿಲ್ಲ. ಆದರೂ ಕುರ್ಚಿ ಮುಂದೆ ಎಳೆದುಕೊಂಡು ಗದ್ದ ಎತ್ತಿದರು. ಮಾಸ್ಟರಿಗೆ ಅಷ್ಟು ಸಾಕಾಯಿತು. ಆರು ವಾರದಿಂದ ಆ ಕತ್ತಿನ ಮೇಲೆ ಅವರಿಗೆ ಕಣ್ಣಿತ್ತು. ಟೇಪು ಸುತ್ತಿದರು, ಬೆರಳಿಂದ ಹದ ನೋಡಿದರು, ಕೂಗಿದರು.

"ಕತ್ತು, ಹದಿನೈದು."

"ಈಗ ನೀನು ಅಳೆಯಮ್ಮ, ನಿನ್ನ ಕಾಗದದಲ್ಲೇ" ಎಂದಳು ಗುಂಡಿಯಮ್ಮ ನರ್ಸಿಗೆ.

ನರ್ಸು ಹೊಸ ಪಟ್ಟಿ ತೆಗೆದು ಡಾಕ್ಟರ ಕತ್ತಿಗೆ ಸುತ್ತಿದಳು. ಬಗ್ಗಿ ನೋಡಿದಳು. ಇನ್ನೊಮ್ಮೆ ನೋಡಿದಳು. "ಹದಿನಾಲ್ಕೂವರೆ" ಎಂದಳು.

"ಅದು ಕಾಗದ ಹಿಗ್ಗಿರೋದು" ಎಂದು ಮಾಸ್ಟರು ತಮ್ಮ ಟೇಪನ್ನೇ ಮತ್ತೆ ಡಾಕ್ಟರ ಕತ್ತಿಗೆ ಸುತ್ತಿ, ಕನ್ನಡಕ ಸರಿಮಾಡಿಕೊಂಡು ಅಂಕಿಯನ್ನು ನೋಡಿದರು. ಟೇಪು ಹದಿನಾಲ್ಕೂವರೆಯಲ್ಲಿ ನಿಂತಿತ್ತು. ಬಾಯಿ ತೆರೆದರು. ಹದಿನೈದು ಎಂದೇ ಬರುತ್ತಿತ್ತು, ಅವರು ಅದನ್ನು ಹಲ್ಲಿನ ಹಿಂದೆ ಹಿಡಿದು ನಿಲ್ಲಿಸಿದ್ದು ಎಲ್ಲರಿಗೂ ಕಂಡಿತು.

"ಅಯ್ಯೋ ಶಿವನೇ" ಎಂದು ಮೆಲ್ಲಗೆ ಹೇಳಿ ಮಂಚದ ಮೇಲೆ ಕೂತುಬಿಟ್ಟರು.

ಮೊದಲು ನಕ್ಕಿದ್ದು ನರ್ಸು. ಆಮೇಲೆ ಡಾಕ್ಟರು, ಕತ್ತಿನಲ್ಲಿ ಟೇಪು ನೇತಾಡುತ್ತಿರುವಾಗಲೇ. ನಗು ನಿಂತ ಮೇಲೆ ಡಾಕ್ಟರು ಎದ್ದು, ಕಾಗದದ ಪಟ್ಟಿಯನ್ನು ತಾವೇ ತೆಗೆದುಕೊಂಡು ಮಾಸ್ಟರ ಕತ್ತಿಗೆ ಸುತ್ತಿದರು. ಮೊದಲ ದಿನ ಅಳೆದಿದ್ದೂ ಅಂಥದ್ದೇ ಪಟ್ಟಿಯಲ್ಲಿ, ಈಗ ಅಳೆಯುವುದೂ ಅದರಲ್ಲೇ. ಗುಂಡಿಯಮ್ಮ ಉಸಿರು ಹಿಡಿದು ಕೂತಳು. ಅರ್ಧ ಇಂಚು ಇಳಿದಿರಬೇಕು, ಅದಕ್ಕಿಂತ ಒಂದು ಕೂದಲೆಳೆ ಕಡಿಮೆಯಾದರೂ ಆಗದು.

ಡಾಕ್ಟರು ಎರಡು ಸಲ ಅಳೆದರು. ನರ್ಸು ಒಂದು ಸಲ ಅಳೆದಳು.

"ಹದಿನೈದೂವರೆ" ಎಂದರು ಡಾಕ್ಟರು. "ಸರಿಯಾಗಿ ಅರ್ಧ ಇಂಚು ಇಳಿದಿದೆ. ವಾಸಿಯಾಯ್ತು ಅಂತ ನಾನು ಹೇಳಲ್ಲ, ಅದಿನ್ನೂ ದೂರ. ಆದರೆ ಔಷಧಿ ಕೆಲಸ ಮಾಡ್ತಿದೆ. ನಿಲ್ಲಿಸೋ ಮಾತೇ ಇಲ್ಲ."

ಗುಂಡಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಗೇ ಬಂತು. ಮಾಸ್ಟರು ಅವಳ ಬೆನ್ನು ತಟ್ಟುತ್ತಾ ಏನು ಹೇಳಬೇಕೋ ತೋಚದೆ, "ಡಾಕ್ಟ್ರೇ, ನಿಮಗೊಂದು ಅಂಗಿ ಹೊಲೀತೀನಿ. ಹದಿನೈದರ ಕಾಲರು. ಈಗ ಹಾಕಿರೋದು ಹದಿನಾರೂವರೆ, ನೋಡೋಕಾಗಲ್ಲ" ಎಂದರು.

ಡಾಕ್ಟರು ಹಳೆಯ ಅಳತೆಗಳ ಪಕ್ಕದಲ್ಲಿ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದರು. ಇನ್ನು ಮುಂದೆ ಮಾಸ್ಟರು ತಮ್ಮ ಅಳತೆ ತಾವೇ ತೆಗೆಯಕೂಡದು ಎಂದೂ ಬರೆದರು. ನರ್ಸು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಳು.

ಅಂಗಡಿಗೆ ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಮಗಳು ಶಾಲೆಯಿಂದ ನೇರ ಬಂದಿದ್ದಳು. ಸುದ್ದಿ ಕೇಳಿ ಅಪ್ಪನನ್ನು ತಬ್ಬಿಕೊಂಡಳು, ಅರ್ಧ ಇಂಚಿನ ಕತೆ ಕೇಳಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಆಮೇಲೆ ಟೀ ತರಲು ಹೋದಳು. ಮಾಸ್ಟರು ಅಂಗಿ ಬಿಚ್ಚಿ ಗುಂಡಿಯಮ್ಮನ ಮಡಿಲಿಗೆ ಹಾಕಿದರು.

"ಕಾಲರು ಜೋತಾಡ್ತಿದೆ. ಗುಂಡಿ ಕಾಲು ಇಂಚು ಒಳಗೆ ತಗೋ. ಮೊದಲನೇ ಸಲ ಸರಿಸಿದ ತೂತು ಇದೆಯಲ್ಲ, ಅಲ್ಲಿಗೆ."

ಗುಂಡಿಯಮ್ಮನ ಕೈ ನಿಂತಿತು. "ನಿಮಗೆ ಗೊತ್ತಿತ್ತಾ?"

"ನನ್ನ ಕಾಲರಿನ ಗುಂಡಿ ಎಲ್ಲಿದೆ ಅಂತ ನನಗೆ ಗೊತ್ತಾಗಲ್ವೇನೇ? ಎರಡು ಸಲ ಸರಿಸಿದೀಯ. ಐದೂ ಅಂಗಿಗೆ."

"ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ?"

ಮಾಸ್ಟರು ಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತು ತಮ್ಮ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. "ನನಗೆ ಗೊತ್ತಾಗಬಾರದು ಅಂತ ನೀನು ಅಷ್ಟು ನೀಟಾಗಿ ಹೊಲಿದಿದ್ದೆ. ಒಳ್ಳೇ ಕೆಲಸ. ಕೆಡಿಸೋದ್ಯಾಕೆ ಅಂತ ಸುಮ್ಮನಿದ್ದೆ."

ಇಷ್ಟು ತಿಂಗಳಿಂದ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ಹೊರೆಯ ಇನ್ನೊಂದು ತುದಿಯನ್ನು ಅವರೂ ಹಿಡಿದಿದ್ದರು. ಅವಳು ಎದ್ದು ಮೇಜಿನ ಮೇಲಿದ್ದ ಹಿತ್ತಾಳೆ ತುದಿಯ ಟೇಪು ತೆಗೆದುಕೊಂಡಳು, ಅಳತೆ ಪುಸ್ತಕವನ್ನೂ ಪೆನ್ಸಿಲನ್ನೂ ಗಂಡನ ಕೈಗೆ ಕೊಟ್ಟಳು.

"ಡಾಕ್ಟರು ಹೇಳಿದ್ದು ಕೇಳಿಸ್ತಲ್ಲ. ನೀವು ಬರೀರಿ."

ಮಾಸ್ಟರು ನಗುತ್ತಾ ಅವಳ ಸ್ಟೂಲಿನ ಮೇಲೆ ಕೂತರು. ಅದು ಅವರಿಗೆ ತಗ್ಗಾಗಿ ಮೊಣಕಾಲು ಗದ್ದಕ್ಕೆ ಬಂತು. ಅವಳು ಟೇಪು ಸುತ್ತಿದಳು. ಗಂಟು ಬೆರಳಿಗೆ ಸಿಕ್ಕಿತು, ಇನ್ನೂ ಇತ್ತು, ಮೊದಲಿಗಿಂತ ಸಣ್ಣದಾಗಿತ್ತು. ಅವಳು ಗಂಟಲು ಸರಿಮಾಡಿಕೊಂಡು ಅವರದೇ ರಾಗದಲ್ಲಿ ಕೂಗಿದಳು:

"ಕತ್ತು, ಹದಿನೈದೂವರೆ."

ಮಾಸ್ಟರು ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ ತಲೆ ಎತ್ತಿದರು. "ಮೈಯದೋ, ಬಟ್ಟೆಯದೋ?"

"ಮೈಯದು" ಎಂದಳು ಗುಂಡಿಯಮ್ಮ.

ಮಾಸ್ಟರು ಬರೆದುಕೊಂಡರು.